ಬಂದರಿನ ಪಿಯರ್ ತುದಿಯ ಲೈಟ್‌ಹೌಸ್: ಇತಿಹಾಸ ಮತ್ತು ಡಿಸೈನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯರ್ ಲೈಟ್‌ಹೌಸ್‌ಗೂ ಬೇರೆ ಲೈಟ್‌ಹೌಸ್‌ಗೂ ಏನ್ ವ್ಯತ್ಯಾಸ? ಎರಡೂ ದೀಪಾನೇ ಅಲ್ವಾ?

ದೀಪಾನೇ, ಆದ್ರೆ ಮಾಡೋ ಕೆಲಸ ಬೇರೆ. ಗುಡ್ಡದ ಮೇಲೋ ಭೂಶಿರದ ತುದೀಲೋ ನಿಂತಿರೋ ದೊಡ್ಡ ದೀಪಸ್ತಂಭ ದೂರದ ಹಡಗಿಗೆ "ದಡ ಇಲ್ಲಿದೆ, ನೀನು ಇಂಥ ಊರಿನ ಹತ್ರ ಇದ್ದೀಯ" ಅಂತ ಹೇಳತ್ತೆ. ಪಿಯರ್ ಅಂದ್ರೆ ದಡದಿಂದ ನೀರೊಳಗೆ ಚಾಚಿದ ಗೋಡೆ. ಅದರ ತುದೀಲಿರೋದು ಅಷ್ಟು ದೂರದ ಮಾತೇ ಆಡಲ್ಲ, ಅದು ಹೇಳೋದು ಒಂದೇ ವಿಷಯ, ಬಾಗಿಲು ಇಲ್ಲಿದೆ, ಗೋಡೆ ಇಲ್ಲಿಗೆ ಮುಗೀತು, ಈ ಕಡೆಯಿಂದ ಒಳಗೆ ಬಾ. ನಮ್ಮ ಕರಾವಳಿ ಮೀನುಗಾರರು ಅಳಿವೆ ಬಾಗಿಲು ಅಂತಾರಲ್ಲ, ಆ ಬಾಗಿಲಿನ ಕಂಬ ಇದು.

ಇದರ ಎತ್ತರ, ಬಣ್ಣ, ತಳಪಾಯ, ಲೆನ್ಸಿನ ಸೈಜು, ಕೊನೆಗೆ ಅದು ಎಷ್ಟು ವರ್ಷ ಅದೇ ಜಾಗದಲ್ಲಿ ನಿಂತಿರತ್ತೆ ಅನ್ನೋದು ಕೂಡ ಪಿಯರ್ ಮೇಲೇನೇ ಡಿಪೆಂಡ್ ಆಗಿರತ್ತೆ. ಟವರ್ ಒಂದನ್ನೇ ನೋಡಿ ಪಿಯರ್ ಮರೆತುಬಿಟ್ರೆ ಇದರ ಡಿಸೈನ್ ಅರ್ಥವೇ ಆಗಲ್ಲ.

ಪಿಯರ್, ಬ್ರೇಕ್‌ವಾಟರ್ ಎರಡೂ ಒಂದೇನಾ?

ಕಟ್ಟೋ ಉದ್ದೇಶ ನೋಡಿದ್ರೆ ಬೇರೆ. ಬ್ರೇಕ್‌ವಾಟರ್ ಇರೋದು ಅಲೆ ತಡೆಯೋಕೆ. ನದಿ ಸಮುದ್ರಕ್ಕೋ ದೊಡ್ಡ ಸರೋವರಕ್ಕೋ ಸೇರೋ ಕಡೆ ಎರಡೂ ದಡದಿಂದ ಜೋಡಿ ಗೋಡೆ ಹೊರಗೆ ಚಾಚ್ತಾರೆ, ನೀರು ಕಿರಿದಾದ ಜಾಗದಲ್ಲಿ ಜೋರಾಗಿ ಹರಿದು ಮರಳನ್ನ ತಾನೇ ತಳ್ಳಿಕೊಂಡು ಹೋಗ್ಲಿ, ಚಾನೆಲ್ (ಹಡಗು ಓಡಾಡೋ ನೀರಿನ ದಾರಿ) ಮುಚ್ಚದೇ ಇರ್ಲಿ ಅಂತ. ಅಮೆರಿಕದ ಗ್ರೇಟ್ ಲೇಕ್ಸ್ ಅನ್ನೋ ದೊಡ್ಡ ಸಿಹಿನೀರಿನ ಸರೋವರಗಳ ಕಡೆ ಇದನ್ನೂ ಪಿಯರ್ ಅಂತಾನೇ ಕರೀತಾರೆ. ಎರಡರ ತುದೀಲೂ ದೀಪ ಬೇಕೇ ಬೇಕು, ಯಾಕಂದ್ರೆ ಕತ್ತಲಲ್ಲಿ ಆ ಗೋಡೆ ಹಡಗಿಗೆ ಬಂಡೆಯಷ್ಟೇ ಅಪಾಯ. ಮನುಷ್ಯ ತಾನೇ ಕಟ್ಟಿದ ಅಪಾಯಕ್ಕೆ ತಾನೇ ದೀಪ ಇಡಬೇಕಾಯ್ತು ಅನ್ನಿ.

ಈ ಐಡಿಯಾ ಎಷ್ಟು ಹಳೇದು?

ಎಲ್ಲರೂ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಪುರಾತನ ದೀಪಸ್ತಂಭ ಫಾರೋಸ್ ಹೆಸರು ಹೇಳ್ತಾರೆ, ಆದ್ರೆ ಅದು ನಿಂತಿದ್ದು ದ್ವೀಪದ ಮೇಲೆ. ಬಂದರಿಗೆ ಅಂತ ಸಮುದ್ರದೊಳಗೇ ತಳಪಾಯ ಹಾಕಿ ಕಟ್ಟಿದ್ದಕ್ಕೆ ಒಳ್ಳೇ ಉದಾಹರಣೆ ರೋಮಿನ ಹತ್ರ ಆಸ್ಟಿಯಾದಲ್ಲಿ ಚಕ್ರವರ್ತಿ ಕ್ಲಾಡಿಯಸ್ ಮಾಡಿಸಿದ್ದು. ಕ್ರಿ.ಶ. 42ರ ಸುಮಾರಿಗೆ ಅಲ್ಲಿ ಹೊಸ ಬಂದರಿನ ಕೆಲಸ ಶುರುವಾಯ್ತು. ಅವನಿಗಿಂತ ಮುಂಚೆ ಇದ್ದ ಕಲಿಗುಲಾ ಈಜಿಪ್ಟಿಂದ ಒಂದು ದೊಡ್ಡ ಕಲ್ಲಿನ ಒಬೆಲಿಸ್ಕ್ (ಚೂಪು ತುದಿಯ ಕಂಬ) ತರಿಸಿದ್ದ, ಈಗ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚೌಕದಲ್ಲಿ ನಿಂತಿದೆಯಲ್ಲ ಅದೇ. ಅದನ್ನ ಹೊತ್ತು ತಂದ ಆ ದೈತ್ಯ ಹಡಗನ್ನ ಬಂದರಿನ ಬಾಯಿಯ ಹತ್ರ ಬೇಕಂತಲೇ ಮುಳುಗಿಸಿ, ಒಳಗೆ ಕಾಂಕ್ರೀಟ್ ತುಂಬಿ, ಅದರ ಮೇಲೆ ದೀಪಸ್ತಂಭ ಎಬ್ಬಿಸಿದ್ರು. ಟೊಳ್ಳು ಪೆಟ್ಟಿಗೆಯನ್ನ ತೇಲಿಸಿಕೊಂಡು ಬಂದು ಜಾಗಕ್ಕೆ ಮುಳುಗಿಸಿ ತುಂಬೋದಕ್ಕೆ ಇವತ್ತು ಕೇಸನ್ ಅಂತೀವಿ, ಸುಮಾರು ಎರಡು ಸಾವಿರ ವರ್ಷದ ಹಿಂದೆ ಒಂದು ಹಳೇ ಹಡಗಲ್ಲೇ ಅದನ್ನ ಮಾಡಿ ಮುಗಿಸಿದ್ರು ಅಂದ್ರೆ ನನಗಂತೂ ಫಾರೋಸ್‌ಗಿಂತ ಇದೇ ದೊಡ್ಡ ಇಂಜಿನಿಯರಿಂಗ್ ಅನ್ಸತ್ತೆ.

ಆಮೇಲೆ ಮೆಡಿಟರೇನಿಯನ್ ಬಂದರುಗಳಲ್ಲಿ ಈ ಪದ್ಧತಿ ಮುಂದುವರೀತು. ಕ್ರೀಟ್ ದ್ವೀಪದ ಹಾನಿಯಾ ಬಂದರಿನ ಗೋಡೆ ತುದೀಲಿರೋ ದೀಪಸ್ತಂಭಾನ ಮೊದ್ಲು ಕಟ್ಟಿದ್ದು ವೆನಿಸ್‌ನವರು, 16ನೇ ಶತಮಾನದ ಕೊನೇಲಿ. ಈಗ ಕಾಣೋ ರೂಪ ಈಜಿಪ್ಟ್‌ನವರ ಆಡಳಿತದ ಕಾಲದ್ದು, 19ನೇ ಶತಮಾನದ ಮೊದಲರ್ಧದ್ದು, ಅದಕ್ಕೇ ಅದು ಮಸೀದಿಯ ಮಿನಾರಿನ ತರಹ ಕಾಣೋದು.

ಹಳೇ ಫೋಟೋಲಿ ಟವರ್ ಒಂದು ಕಡೆ ಇದೆ, ಈಗ ಇನ್ನೊಂದು ಕಡೆ ಇದೆ. ಸ್ಥಳಾಂತರ ಮಾಡಿದ್ರಾ?

ಬಹುಶಃ ಮಾಡಿರ್ತಾರೆ, ಆಶ್ಚರ್ಯ ಏನಿಲ್ಲ. ಪಿಯರ್ ಅನ್ನೋದು ಒಂದೇ ಸಲಕ್ಕೆ ಕಟ್ಟಿ ಮುಗಿಸೋ ಕೆಲಸ ಅಲ್ಲ. ಗೋಡೆ ಚಾಚಿದ ಮೇಲೆ ಮರಳು ಅದರ ಪಕ್ಕಕ್ಕೇ ಬಂದು ಸೇರ್ಕೊಳತ್ತೆ, ಸ್ವಲ್ಪ ವರ್ಷಕ್ಕೆ ದಡಾನೇ ಮುಂದೆ ಬರತ್ತೆ, ಮರಳುದಿಬ್ಬ ತುದಿ ಮುಂದಕ್ಕೆ ಹೋಗಿ ಕೂರತ್ತೆ, ಆಗ ಗೋಡೆ ಇನ್ನೊಂದಷ್ಟು ಉದ್ದ ಮಾಡಬೇಕು. ಗೋಡೆ ಉದ್ದ ಆದಾಗ ದೀಪ ಹಿಂದೆ ಉಳ್ಕೊಳತ್ತೆ. ತುದಿ ತೋರಿಸದ ದೀಪ ಇದ್ದೂ ಪ್ರಯೋಜನ ಇಲ್ಲ, ತಪ್ಪು ದಾರಿ ಬೇರೆ ತೋರಿಸತ್ತೆ.

ಹಾಗಾಗಿ ದೀಪಾನೂ ಪಿಯರ್ ಜೊತೆ ಮುಂದಕ್ಕೆ ಹೋಗ್ಬೇಕಾಯ್ತು. ಮರದ ಟವರ್ ಆದ್ರೆ ಎತ್ತಿಕೊಂಡು ಹೋಗೋರು, ಎರಕದ ಕಬ್ಬಿಣದ್ದಾದ್ರೆ ಬೋಲ್ಟ್ ಬಿಚ್ಚಿ ಮುಂದೆ ಜೋಡಿಸೋರು. ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ಹೇವನ್‌ನಲ್ಲಿ 1875ರ ಕಟ್ಟಡವನ್ನ 1900ರ ದಶಕದಲ್ಲಿ ಉದ್ದ ಮಾಡಿದ ಪಿಯರ್‌ನ ತುದಿಗೆ ಸಾಗಿಸಿದ್ರು, ಅದರ ಹಿಂದೆ 1905ರಲ್ಲಿ ಇನ್ನೊಂದು ಎತ್ತರದ ಉಕ್ಕಿನ ಟವರ್ ನಿಲ್ಲಿಸಿದ್ರು. ಶಿಕಾಗೋ ಹಾರ್ಬರ್ ಲೈಟ್ ಕಟ್ಟಿದ್ದು 1893ರಲ್ಲಿ ನದೀ ಬಾಯಲ್ಲಿ, 1910ರ ದಶಕದ ಕೊನೆಗೆ ಅದನ್ನ ಈಗಿರೋ ಬ್ರೇಕ್‌ವಾಟರ್ ತುದಿಗೆ ತಂದ್ರು.

ಕಲ್ಲಿನ ಟವರ್ ಆದ್ರೆ ಈ ಸೌಲಭ್ಯ ಇಲ್ಲ. ಇಂಗ್ಲೆಂಡಿನ ವಿಟ್ಬಿಯಲ್ಲಿ ಪಶ್ಚಿಮ ಪಿಯರ್ ಮೇಲೆ 1831ರಲ್ಲಿ, ಪೂರ್ವದ್ದರ ಮೇಲೆ 1855ರಲ್ಲಿ ಕಲ್ಲಿನ ಟವರ್ ಕಟ್ಟಿದ್ರು, ಗ್ರೀಕ್ ದೇವಾಲಯದ ಕಂಬದ ಹಾಗೆ ಉದ್ದುದ್ದ ಗೆರೆ ಕೊರೆದಿರೋದು, ನೋಡೋಕೆ ತುಂಬಾ ಚೆಂದ. 20ನೇ ಶತಮಾನದ ಆರಂಭದಲ್ಲಿ ಎರಡೂ ಪಿಯರ್ ಉದ್ದ ಮಾಡಿದ್ರು, ಹೊಸ ತುದಿಗೆ ಚಿಕ್ಕ ಚಿಕ್ಕ ದೀಪ ಇಟ್ರು, ಆ ಚೆಂದದ ಎರಡು ಟವರ್ ಪಿಯರ್ ನಡುವೆ ಕೆಲಸ ಕಳ್ಕೊಂಡು ನಿಂತ್ವು.

ಅಲೆ ಹೊಡೆತಕ್ಕೆ ಬೀಳಲ್ವಾ? ತಳಪಾಯ ಹೇಗಿರತ್ತೆ?

ಬಿದ್ದಿದ್ದಾವೆ, ಬೇಕಾದಷ್ಟು. 1953ರ ಫೆಬ್ರವರಿ 1ರ ಉತ್ತರ ಸಮುದ್ರದ ಪ್ರವಾಹದಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಬಂದರಿನ ಲೈಟ್‌ಹೌಸ್ ಬಿದ್ದೇ ಹೋಯ್ತು. ಅದರ ಅಡಿಯ ಗೋಡೆ ಕೊಚ್ಚಿ ಹೋಗಿದ್ದೇ ಕಾರಣ, ಟವರ್ ಕೆಟ್ಟದಾಗಿ ಕಟ್ಟಿದ್ದಲ್ಲ. ಇಂಥ ಕಡೆ ಸಾಮಾನ್ಯವಾಗಿ ಆಗೋದೇ ಹಾಗೆ.

ಅಲೆಗೆ ಎಷ್ಟು ಬಲ ಇದೆ ಅಂತ ಮೊದ್ಲು ಸರಿಯಾಗಿ ಅಳೆಯೋಕೆ ಹೋದೋನು ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್, 1840ರ ದಶಕದಲ್ಲಿ. ಸ್ಪ್ರಿಂಗ್ ಹಿಂದಿಟ್ಟ ಒಂದು ತಟ್ಟೆಯನ್ನ ಬಂಡೆಗೆ ಬಿಗಿದು ಅಲೆ ಅದನ್ನ ಎಷ್ಟು ಒತ್ತಿತು ಅಂತ ಗುರುತು ನೋಡ್ತಿದ್ದ. ಅಲ್ಲಿನ ಸ್ಕೆರಿವೋರ್ ಅನ್ನೋ ಸಮುದ್ರದ ಬಂಡೆಯಲ್ಲಿ ಚದರ ಅಡಿಗೆ 6,083 ಪೌಂಡ್‌ವರೆಗೂ ಸಿಕ್ತು. ಇಷ್ಟೆಲ್ಲಾ ತಿಳ್ಕೊಂಡಿದ್ದ ಅವನೇ ಡಿಸೈನ್ ಮಾಡಿದ ಸ್ಕಾಟ್ಲೆಂಡಿನ ವಿಕ್ ಬಂದರಿನ ಬ್ರೇಕ್‌ವಾಟರ್ ತುದೀನ 1872ರ ಡಿಸೆಂಬರ್ ಬಿರುಗಾಳಿ ಕಿತ್ತು ಹಾಕ್ತು, 1,350 ಟನ್ ತೂಕದ ಒಂದೇ ಮುದ್ದೆ ಜಾಗ ಬಿಟ್ಟು ಸರಿದುಹೋಯ್ತು. ಅದರ ಬದಲಿಗೆ 2,600 ಟನ್ನಿಂದು ಹಾಕಿದ್ರು, 1877ರಲ್ಲಿ ಅದೂ ಹೋಯ್ತು. ಇಂಗ್ಲೆಂಡಿನ ಟೈನ್‌ಮತ್‌ನ ಉತ್ತರ ಪಿಯರ್ ಕಥೇನೂ ಇಂಥದ್ದೇ, 1854ರಲ್ಲಿ ಶುರು ಮಾಡಿ ನಾಲ್ಕು ದಶಕ ಕಟ್ಟಿ ಮುಗಿಸಿದ್ರೆ 1897ರಲ್ಲಿ ನಡುವೆ ಒಡೀತು, ಬಾಗಿದ ಆಕಾರ ಬಿಟ್ಟು ನೇರವಾಗಿ ಮತ್ತೆ ಕಟ್ಟೋದು 1909ರವರೆಗೂ ಎಳೀತು.

ತಳಪಾಯದ ವಿಧಾನ ಅಂದ್ರೆ, 19ನೇ ಶತಮಾನದಲ್ಲಿ ಗ್ರೇಟ್ ಲೇಕ್ಸ್ ಕಡೆ ದಪ್ಪ ದಪ್ಪ ಮರದ ದಿಮ್ಮಿ ಅಡ್ಡಡ್ಡ ಜೋಡಿಸಿ ಪೆಟ್ಟಿಗೆ ಮಾಡಿ, ನೀರಿಗೆ ಇಳಿಸಿ, ಒಳಗೆ ಕಲ್ಲು ತುಂಬೋರು, ಇದಕ್ಕೆ ಕ್ರಿಬ್ ಅಂತ ಹೆಸರು. ಸಿಹಿನೀರಲ್ಲಿ ಮರ ಕೊರೆಯೋ ಹಡಗುಹುಳ ಇರಲ್ಲ, ಹಾಗಾಗಿ ನೀರೊಳಗಿನ ಮರ ದಶಕಗಟ್ಟಲೆ ಗಟ್ಟಿ ಇರತ್ತೆ, ಕೊಳೆಯೋದು ನೀರಿನ ಮಟ್ಟದ ಹತ್ರ, ಒದ್ದೆ ಆಗಿ ಒಣಗೋ ಜಾಗದಲ್ಲಿ ಮಾತ್ರ. ಅದಕ್ಕೇ ಆಮೇಲೆ ಮೇಲ್ಭಾಗ ಕಡಿದು ಕಾಂಕ್ರೀಟ್ ಟೋಪಿ ಹಾಕಿದ್ರು. ಉಪ್ಪುನೀರಲ್ಲಿ ಈ ಆಟ ನಡೆಯಲ್ಲ, ಅಲ್ಲಿ ಕಲ್ಲಿನ ರಾಶಿ, ಕಾಂಕ್ರೀಟ್ ಬ್ಲಾಕು, ಕೇಸನ್ನು.

ಗ್ರ್ಯಾಂಡ್ ಹೇವನ್‌ನ ಹೊರಗಿನ ದೀಪದ ತಳ ಹತ್ರದಿಂದ ನೋಡಿದ್ರೆ ಗೊತ್ತಾಗತ್ತೆ, ಕಾಂಕ್ರೀಟನ್ನ ಹಡಗಿನ ಮೂತಿ ತರಹ ಚೂಪಾಗಿ ಮಾಡಿ ಆ ಚೂಪನ್ನ ಸರೋವರದ ಕಡೆ ತಿರುಗಿಸಿದ್ದಾರೆ. ಬರೋ ಅಲೆ ಎರಡಾಗಿ ಸೀಳಿ ಪಕ್ಕಕ್ಕೆ ಹೋಗತ್ತೆ, ಕಟ್ಟಡದ ಗೋಡೆಗೆ ನೇರ ಬಡಿಯಲ್ಲ.

ಟವರ್ ಇಷ್ಟು ಗಿಡ್ಡ ಯಾಕೆ? ಇನ್ನೂ ಎತ್ತರ ಕಟ್ಬಹುದಿತ್ತಲ್ಲ?

ಬೇಕಾಗಿಲ್ಲ, ಅದಕ್ಕೆ. ಭೂಮಿ ಗುಂಡಗಿರೋದ್ರಿಂದ ದೀಪ ಎಷ್ಟು ದೂರಕ್ಕೆ ಕಾಣತ್ತೆ ಅನ್ನೋದಕ್ಕೆ ಒಂದು ಸುಲಭ ಲೆಕ್ಕ ಇದೆ: ದೀಪದ ಎತ್ತರದ ವರ್ಗಮೂಲ, ನೋಡೋನ ಕಣ್ಣಿನ ಎತ್ತರದ ವರ್ಗಮೂಲ, ಎರಡೂ ಮೀಟರಲ್ಲಿ ತಗೊಂಡು ಕೂಡಿಸಿ ಸುಮಾರು 2.03ರಿಂದ ಗುಣಿಸಿದ್ರೆ ನಾಟಿಕಲ್ ಮೈಲಿ ಸಿಗತ್ತೆ. 12 ಮೀಟರ್ ಎತ್ತರದ ದೀಪ, ನೀರಿಂದ 4 ಮೀಟರ್ ಮೇಲೆ ನಿಂತಿರೋ ಮನುಷ್ಯ ಅಂದ್ಕೊಳ್ಳಿ, ಸುಮಾರು 11 ನಾಟಿಕಲ್ ಮೈಲಿ ಬಂತು, ಅಂದ್ರೆ ಇಪ್ಪತ್ತು ಕಿಲೋಮೀಟರ್. ಬಾಗಿಲು ಹುಡುಕೋಕೆ ಅಷ್ಟು ಸಾಕೋ ಸಾಕು. ಎತ್ತರವನ್ನ ನಾಲ್ಕು ಪಟ್ಟು ಮಾಡಿದ್ರೂ ದೀಪದ ಕಡೆಯ ದೂರ ಎರಡು ಪಟ್ಟು ಮಾತ್ರ ಆಗತ್ತೆ, ಆದ್ರೆ ಖರ್ಚು, ತೂಕ, ಗಾಳಿ ಹೊಡೆತ ಎಲ್ಲಾ ಎಷ್ಟೋ ಜಾಸ್ತಿ ಆಗತ್ತೆ.

ತೂಕದ್ದೇ ದೊಡ್ಡ ತಲೆನೋವು. ಕ್ರಿಬ್ ಮೇಲೆ ಇಟ್ಟಿಗೆ ಗೋಪುರ ಕೂರಿಸಿದ್ರೆ ಅದು ನಿಧಾನಕ್ಕೆ ಕುಸಿದು ವಾಲತ್ತೆ. ಹಾಗಾಗಿ ಮೊದಮೊದಲು ಮರದ ಟವರ್, ಕೆಳಗಡೆ ಗೋಡೇನೇ ಇಲ್ಲದೆ ಬರೀ ಕಾಲುಗಳು, ಅಲೆ ಬಂದ್ರೆ ನಡುವೆ ನುಗ್ಗಿ ಹೋಗ್ಲಿ ಅಂತ, ಮೇಲಕ್ಕೆ ಒಂದು ಚಿಕ್ಕ ಕೋಣೆ, ಅದರ ಮೇಲೆ ದೀಪದ ಗೂಡು. ಆಮೇಲೆ ಎರಕದ ಕಬ್ಬಿಣ, ಉಕ್ಕಿನ ತಗಡು ಬಂದ್ವು, ಸಿಲಿಂಡರ್ ಆಕಾರ ಬಂತು. ಚಪ್ಪಟೆ ಗೋಡೆಗಿಂತ ದುಂಡಗಿರೋದಕ್ಕೆ ಗಾಳಿ, ಅಲೆಯ ಒತ್ತಡ ಕಡಿಮೆ ತಾಗತ್ತೆ. ಮಿಷಿಗನ್‌ನ ಸೌತ್ ಹೇವನ್‌ನಲ್ಲಿ 1872ರ ಮರದ ಟವರ್ ತೆಗೆದು 1903ರಲ್ಲಿ ನಿಲ್ಲಿಸಿದ ಉಕ್ಕಿನ ಟವರ್ ಬರೀ 35 ಅಡಿ ಎತ್ತರ, ಇವತ್ತಿಗೂ ನಿಂತಿದೆ.

ಬಿರುಗಾಳಿ ದಿನ ಕೀಪರ್ ಅಲ್ಲಿಗೆ ಹೋಗ್ತಿದ್ದದ್ದು ಹೇಗೆ?

ನನಗೆ ಈ ವಿಷಯದಲ್ಲಿ ಅತಿ ಇಷ್ಟದ ಪ್ರಶ್ನೆ ಇದು. ದೊಡ್ಡ ದೀಪಸ್ತಂಭದ ಕೀಪರ್, ಅಂದ್ರೆ ದೀಪ ನೋಡ್ಕೊಳ್ಳೋನು, ಅಲ್ಲೇ ಮನೆ ಮಾಡ್ಕೊಂಡು ಇರ್ತಿದ್ದ, ಪಿಯರ್ ಕೀಪರ್ ಮನೆ ಸಾಮಾನ್ಯವಾಗಿ ದಡದಲ್ಲಿ, ದೀಪ ತುದೀಲಿ, ನಡುವೆ ಅಲೆ ಹಾಯೋ ಗೋಡೆ. ದೀಪ ಹಚ್ಚಲೇಬೇಕಾದ ದಿನ ಅಂದ್ರೇನೇ ಗೋಡೆ ಮೇಲೆ ಕಾಲಿಡೋಕೆ ಆಗದ ದಿನ.

ಗ್ರೇಟ್ ಲೇಕ್ಸ್‌ನವರು ಪಿಯರ್ ಉದ್ದಕ್ಕೂ ತಲೆಗಿಂತ ಎತ್ತರದಲ್ಲಿ ಕಂಬ ನಿಲ್ಲಿಸಿ ಕಿರಿದಾದ ಓಡಾಟದ ಸೇತುವೆ ಕಟ್ಟಿದ್ರು, ಕ್ಯಾಟ್‌ವಾಕ್ ಅಂತಾರೆ. ಕೆಳಗೆ ಅಲೆ ಹಾಯ್ತಿದ್ರೂ ಮೇಲೆ ಕಂಬಿ ಹಿಡ್ಕೊಂಡು ಹೋಗಬಹುದು. ಎಲ್ಲಾ ಆಟೋಮ್ಯಾಟಿಕ್ ಆದ್ಮೇಲೆ ಬಹಳ ಕಡೆ ಕಿತ್ತು ಹಾಕಿದ್ರು, ಉಳಿದಿರೋದು ಬೆರಳೆಣಿಕೆಯಷ್ಟು ಮಾತ್ರ, ಇಂಡಿಯಾನಾದ ಮಿಷಿಗನ್ ಸಿಟಿಯಲ್ಲಿ ಒಂದಿದೆ.

ಅದೇ ಮಿಷಿಗನ್ ಸಿಟಿಯಲ್ಲಿ ಹ್ಯಾರಿಯೆಟ್ ಕೋಲ್‌ಫ್ಯಾಕ್ಸ್ ಅನ್ನೋ ಮಹಿಳೆ 1861ರಿಂದ 1904ರವರೆಗೆ ಕೀಪರ್ ಆಗಿದ್ರು. 1871ರಲ್ಲಿ ಪಿಯರ್ ತುದಿಗೂ ಒಂದು ದೀಪ ಬಂತು, ದಡದ ದೀಪದ ಜೊತೆ ಅದೂ ಅವರ ತಲೆ ಮೇಲೇ ಬಿತ್ತು. ಆಗ ಉರಿಸ್ತಿದ್ದದ್ದು ಹಂದಿ ಕೊಬ್ಬಿನ ಎಣ್ಣೆ, ಚಳಿಗೆ ಅದು ಗಟ್ಟಿಯಾಗಿ ಹೋಗತ್ತೆ, ಬತ್ತಿಗೆ ಏರಲ್ಲ. ಅದಕ್ಕೆ ಮನೇಲಿ ಒಲೆ ಮೇಲಿಟ್ಟು ಕಾಯಿಸಿ, ಬಿಸಿ ಇರೋವಾಗಲೇ ಹೊತ್ಕೊಂಡು ಪಿಯರ್ ತುದಿಗೆ ಹೋಗ್ಬೇಕು, ತುದಿ ಮುಟ್ಟೋಷ್ಟರಲ್ಲಿ ಆರಿ ಗಟ್ಟಿ ಆಯ್ತು ಅಂದ್ರೆ ವಾಪಸ್ ಬಂದು ಮತ್ತೆ ಕಾಯಿಸ್ಬೇಕು. 1874ರಲ್ಲಿ ಆ ದೀಪಾನ ಆಚೆ ಕಡೆಯ ಪಶ್ಚಿಮ ಪಿಯರ್‌ಗೆ ಸಾಗಿಸಿದ್ರು, ಆಗಿಂದ ಮೊದ್ಲು ದೋಣಿಯಲ್ಲಿ ನೀರು ದಾಟಿ ಆಮೇಲೆ ನಡೀಬೇಕು. ರಿಟೈರ್ ಆದಾಗ ಅವರಿಗೆ 80 ವರ್ಷ!

ಇಂಗ್ಲೆಂಡಿನ ಸಂಡರ್‌ಲ್ಯಾಂಡಲ್ಲಿ ಬೇರೆ ದಾರಿ ಕಂಡ್ಕೊಂಡ್ರು. ಹೆನ್ರಿ ಹೇ ವೇಕ್ ಅನ್ನೋ ಇಂಜಿನಿಯರ್ ರೋಕರ್ ಪಿಯರ್ ಕಟ್ಟುವಾಗ ಗೋಡೆಯ ಹೊಟ್ಟೆಯೊಳಗೇ ಉದ್ದಕ್ಕೂ ಸುರಂಗ ಬಿಟ್ಟ. ಮೇಲೆ ಎಷ್ಟೇ ಅಲೆ ಹಾಯ್ಲಿ, ಕೀಪರ್ ಒಳಗಿಂದ್ಲೇ ನಡ್ಕೊಂಡು ಹೋಗಿ ಲೈಟ್‌ಹೌಸ್ ಸೇರಬಹುದು. 1885ರಲ್ಲಿ ಶುರುವಾಗಿ 1903ರಲ್ಲಿ ಮುಗೀತು, ಸುಮಾರು 2,000 ಅಡಿ ಉದ್ದದ ಪಿಯರ್. ಆ ಸುರಂಗ ರಿಪೇರಿ ಮಾಡಿ ಈಗ ಜನರಿಗೂ ತೋರಿಸ್ತಾರೆ.

ಒಳಗಿನ ಲೆನ್ಸ್ ಎಂಥದ್ದು? ಎಲ್ಲಾ ಕಡೆ ಫ್ರೆನೆಲ್ ಲೆನ್ಸೇನಾ?

ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ತನ್ನ ಲೆನ್ಸನ್ನ 1823ರಲ್ಲಿ ಕೋರ್ದುವಾನ್ ದೀಪಸ್ತಂಭದಲ್ಲಿ ಮೊದಲ ಸಲ ಉರಿಸಿ ತೋರಿಸಿದ. ಅದಕ್ಕೆ ಮುಂಚೆ ಇದ್ದದ್ದು ಬತ್ತಿ ದೀಪದ ಹಿಂದೆ ಹೊಳಪಿನ ತಟ್ಟೆ, ಬೆಳಕಲ್ಲಿ ಬಹಳಷ್ಟು ವೇಸ್ಟು. ಫ್ರೆನೆಲ್ ವಿಧಾನದಲ್ಲಿ ನಡುವಿನ ಗಾಜು ಬೆಳಕನ್ನ ಬಗ್ಗಿಸತ್ತೆ, ಮೇಲೆ ಕೆಳಗಿನ ಪಟ್ಟಕದ ಬಳೆಗಳು ಆಕಾಶಕ್ಕೂ ನೆಲಕ್ಕೂ ಚೆಲ್ಲಿ ಹೋಗ್ತಿದ್ದ ಬೆಳಕನ್ನ ಹಿಡಿದು ದಿಗಂತದ ಕಡೆ ತಿರುಗಿಸ್ತವೆ.

ಸೈಜಿಗೆ ಆರ್ಡರ್ ಅಂತ ಕರೀತಾರೆ, ನಂಬರ್ ಜಾಸ್ತಿ ಆದಷ್ಟೂ ಲೆನ್ಸ್ ಚಿಕ್ಕದು. ಫಸ್ಟ್ ಆರ್ಡರ್ ಲೆನ್ಸಲ್ಲಿ ದೀಪದಿಂದ ಗಾಜಿಗೆ 920 ಮಿಲಿಮೀಟರ್, ಒಳಗೆ ಮನುಷ್ಯ ಆರಾಮಾಗಿ ನಿಲ್ಲಬಹುದು. ಪಿಯರ್‌ಗೆ ಹಾಕ್ತಿದ್ದದ್ದು ಹೆಚ್ಚಾಗಿ ನಾಲ್ಕು, ಐದು, ಆರನೇ ಆರ್ಡರ್, ಅಂದ್ರೆ 250, 187.5, 150 ಮಿಲಿಮೀಟರ್. ಐದನೇ ಆರ್ಡರ್ ಲೆನ್ಸು ಅರ್ಧ ಮೀಟರಿಗಿಂತ ಸ್ವಲ್ಪ ಎತ್ತರ, ಅಷ್ಟೆ. ಬಾಗಿಲಿಗೆ ಅಷ್ಟು ಬೆಳಕು ಸಾಕು, ಟವರ್ ತಲೆ ಮೇಲೆ ಭಾರಾನೂ ಕಮ್ಮಿ.

ಎಣ್ಣೆಯಿಂದ ಎಲ್‌ಇಡಿವರೆಗೆ ಏನೇನಾಯ್ತು?

ಅಮೆರಿಕದಲ್ಲಿ ತಿಮಿಂಗಿಲದ ಎಣ್ಣೆ, ಅದು ದುಬಾರಿ ಆದ್ಮೇಲೆ ಹಂದಿ ಕೊಬ್ಬಿನ ಎಣ್ಣೆ, 19ನೇ ಶತಮಾನದ ಕೊನೆ ಕಾಲಕ್ಕೆ ಸೀಮೆಎಣ್ಣೆ. ಯುರೋಪಲ್ಲಿ ಸಾಸಿವೆ ಜಾತಿಯ ಬೀಜದ ಎಣ್ಣೆಯೂ ಇತ್ತು. ಊರು ಹತ್ರ ಇದ್ದ ಪಿಯರ್‌ಗಳಿಗೆ ಗ್ಯಾಸು, ಕರೆಂಟು ಎಲ್ಲಾ ಬಂಡೆ ಮೇಲಿನ ದೀಪಗಳಿಗಿಂತ ಸುಲಭವಾಗಿ ಸಿಕ್ತು.

ಆದ್ರೆ ಕೀಪರ್ ಕೆಲಸಕ್ಕೆ ನಿಜವಾದ ಕುತ್ತು ಬಂದಿದ್ದು ಸ್ವೀಡನ್‌ನ ಗುಸ್ತಾಫ್ ಡಾಲೆನ್‌ನಿಂದ. ಅಸಿಟಿಲೀನ್ ದೀಪಕ್ಕೆ ಅವನು 1907ರಲ್ಲಿ ಮಾಡಿದ ಸೂರ್ಯ ವಾಲ್ವ್ ಎಷ್ಟು ಸಿಂಪಲ್ ಅಂದ್ರೆ, ನಡುವೆ ಒಂದು ಕಪ್ಪು ಸರಳು, ಸುತ್ತ ಹೊಳಪಿನ ಸರಳುಗಳು. ಹಗಲು ಬಿಸಿಲಿಗೆ ಕಪ್ಪು ಸರಳು ಬೆಳಕು ಹೀರ್ಕೊಂಡು ಚೂರು ಉದ್ದ ಆಗಿ ಗ್ಯಾಸ್ ಬಂದ್ ಮಾಡತ್ತೆ, ಕತ್ತಲಾದ್ರೆ ಕುಗ್ಗಿ ಗ್ಯಾಸ್ ಬಿಡತ್ತೆ. ಹಚ್ಚೋಕೂ ಆರಿಸೋಕೂ ಯಾರೂ ಬೇಡ. 1912ರಲ್ಲಿ ಅವನಿಗೆ ನೊಬೆಲ್ ಸಿಕ್ತು, ಅದೇ ವರ್ಷ ಒಂದು ಸ್ಫೋಟದಲ್ಲಿ ಎರಡೂ ಕಣ್ಣು ಹೋಯ್ತು.

ಈಗ ಬಹುತೇಕ ಕಡೆ ಕೈಯಲ್ಲಿ ಎತ್ತಬಹುದಾದ ಪ್ಲಾಸ್ಟಿಕ್ ಮೈಯ ಎಲ್‌ಇಡಿ ಲ್ಯಾಂಟರ್ನು, ಪಕ್ಕದಲ್ಲಿ ಸೋಲಾರ್ ಪ್ಯಾನೆಲ್ಲು, ಬ್ಯಾಟರಿ. ಹಳೇ ಗಾಜು ಮ್ಯೂಸಿಯಂ ಸೇರಿದೆ. ನೋಡೋಕೆ ಬೇಜಾರು ಅನ್ನೋರಿದ್ದಾರೆ, ನಾನೂ ಒಬ್ಬ, ಆದ್ರೆ ಕೆಲಸದ ಮಟ್ಟಿಗೆ ಅದರ ಮೇಲೆ ದೂರು ಹೇಳೋಕೆ ಏನೂ ಇಲ್ಲ.

ಒಂದು ಕೆಂಪು, ಒಂದು ಹಸಿರು ಯಾಕೆ? ಬಲಕ್ಕೆ ಯಾವುದು?

ನೀವು ಎಲ್ಲಿದ್ದೀರಿ ಅನ್ನೋದರ ಮೇಲೆ ಉತ್ತರ ತಿರುವುಮುರುವು ಆಗತ್ತೆ, ಅದೇ ಇದರ ತಮಾಷೆ. ಐಎಎಲ್‌ಎ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಜಗತ್ತಿಗೆಲ್ಲಾ ಒಂದೇ ನಿಯಮ ತರೋಕೆ ಹೋಗಿ, ಯಾರೂ ಬಣ್ಣ ಬದಲಾಯಿಸೋಕೆ ಒಪ್ಪದೆ, 1980ರಲ್ಲಿ ಎರಡು ವಲಯ ಮಾಡಿ ಕೈತೊಳ್ಕೊಂಡ್ತು. ಎ ವಲಯದಲ್ಲಿ ಸಮುದ್ರದಿಂದ ಬಂದರಿಗೆ ಬರೋವಾಗ ಎಡಗಡೆ ಕೆಂಪು, ಬಲಗಡೆ ಹಸಿರು. ಯುರೋಪ್, ಆಫ್ರಿಕಾ, ಆಸ್ಟ್ರೇಲಿಯಾ, ಭಾರತ ಎಲ್ಲಾ ಇದರಲ್ಲಿ. ಬಿ ವಲಯದಲ್ಲಿ ಉಲ್ಟಾ, ಬಲಗಡೆ ಕೆಂಪು. ಉತ್ತರ ದಕ್ಷಿಣ ಅಮೆರಿಕ, ಜಪಾನ್, ಕೊರಿಯಾ, ಫಿಲಿಪೀನ್ಸ್ ಇದರಲ್ಲಿ.

ಈ ನಿಯಮ ಕಟ್ಟಡದ ಬಣ್ಣಕ್ಕೂ ಬರತ್ತೆ, ಯಾಕಂದ್ರೆ ಹಗಲಲ್ಲಿ ದೀಪ ಕಾಣಲ್ಲ, ಟವರೇ ಗುರುತು. ಮಿಷಿಗನ್‌ನ ಹಾಲೆಂಡ್ ಬಂದರಿನ ಲೈಟ್‌ಹೌಸ್‌ಗೆ ಜನ ಪ್ರೀತಿಯಿಂದ ಬಿಗ್ ರೆಡ್ ಅಂತಾರೆ, ಅದು ಹುಟ್ಟಾ ಕೆಂಪೇನಲ್ಲ, ಒಳಗೆ ಬರೋರಿಗೆ ಬಲಗಡೆ ಇದೆ ಅನ್ನೋ ಕಾರಣಕ್ಕೆ 1956ರಲ್ಲಿ ಕೋಸ್ಟ್ ಗಾರ್ಡ್ ಬಳಿಸಿದ ಬಣ್ಣ ಅದು. ರೋಕರ್ ಟವರಿನ ಕೆಂಪು ಬಿಳಿ ಪಟ್ಟೆ ಮಾತ್ರ ಬೇರೆ ಕಥೆ, ಅದು ಪೇಂಟೇ ಅಲ್ಲ, ಎರಡು ಬಣ್ಣದ ಗ್ರಾನೈಟ್ ಕಲ್ಲನ್ನೇ ಸಾಲು ಸಾಲಾಗಿ ಕಟ್ಟಿರೋದು.

ಒಂದೇ ಪಿಯರ್ ಮೇಲೆ ಎರಡು ಲೈಟ್‌ಹೌಸ್ ಹಿಂದೆ ಮುಂದೆ ಇರತ್ತಲ್ಲ, ದುಂದು ಅಲ್ವಾ?

ಅಲ್ಲ, ಅದು ಜೋಡಿ. ಮುಂದಿನದು ಗಿಡ್ಡ, ಹಿಂದಿನದು ಎತ್ತರ. ಹಡಗಿಂದ ನೋಡೋವಾಗ ಒಂದರ ಮೇಲೊಂದು ನೇರವಾಗಿ ಕಂಡ್ರೆ ಚಾನೆಲ್‌ನ ಸರಿಯಾದ ಗೆರೆ ಮೇಲಿದ್ದೀರಿ. ಕೆಳಗಿನ ದೀಪ ಬಲಕ್ಕೆ ಸರಿದ ಹಾಗೆ ಕಂಡ್ರೆ ನೀವು ಎಡಕ್ಕೆ ಹೋಗಿದ್ದೀರಿ, ಬಲಕ್ಕೆ ತಿರುಗಿಸಿ. ಸುಲಭ ಸೂತ್ರ ಏನಂದ್ರೆ ಕೆಳಗಿನ ದೀಪ ಯಾವ ಕಡೆ ಹೋಯ್ತೋ ಆ ಕಡೆ ಹೋಗಿ. ಮಿಷಿಗನ್‌ನ ಸೇಂಟ್ ಜೋಸೆಫ್‌ನ 1906, 1907ರ ಜೋಡಿ ಇದಕ್ಕೆ ಪ್ರಸಿದ್ಧ, 1995ರಲ್ಲಿ ಅಮೆರಿಕದ ಅಂಚೆ ಚೀಟಿ ಮೇಲೂ ಬಂತು.

ಮಂಜು ಮುಸುಕಿದ್ರೆ?

ದೀಪ ಕಾಣಲ್ಲ, ಶಬ್ದವೇ ಗತಿ. ಮೊದ್ಲು ಗಂಟೆ, ಆಮೇಲೆ ಆವಿಯ ಸೀಟಿ, 20ನೇ ಶತಮಾನದಲ್ಲಿ ಡಯಾಫೋನ್ ಅಂತ ಗುಡುಗೋ ಯಂತ್ರ. ಪಿಯರ್ ಮೇಲಿನ ಎಷ್ಟೋ ಲೈಟ್‌ಹೌಸ್ ಮನೆಯ ಹಾಗೆ ಚೌಕಾಕಾರ ಇರೋದು ಯಾರೋ ವಾಸ ಮಾಡ್ಲಿ ಅಂತ ಅಲ್ಲ, ಕೆಳಗೆ ಬಾಯ್ಲರು, ಕಂಪ್ರೆಸರು ಇಡೋಕೆ. ಈಗ ಅಮೆರಿಕದ ಬಹಳ ಕಡೆ ಹಾರ್ನ್ ಸುಮ್ನೆ ಕೂಗ್ತಾ ಇರಲ್ಲ, ಬೋಟಿನವರು ಗೊತ್ತುಮಾಡಿದ ವಿಎಚ್‌ಎಫ್ ರೇಡಿಯೋ ಚಾನೆಲಲ್ಲಿ ಮೈಕ್ ಬಟನ್ ಐದು ಸಲ ಒತ್ತಿದ್ರೆ ಒಂದಷ್ಟು ಹೊತ್ತು ಕೂಗಿ ನಿಲ್ಲತ್ತೆ. ದಡದ ಮನೆಯವರಿಗೂ ನಿದ್ದೆ.

ಚಳಿಗಾಲದಲ್ಲಿ ಇಡೀ ಟವರ್ ಹಿಮದ ಗೊಂಬೆ ಆಗಿರೋ ಫೋಟೋಗಳು ನಿಜಾನಾ?

ನಿಜ. ಸೇಂಟ್ ಜೋಸೆಫ್, ಸೌತ್ ಹೇವನ್ ಕಡೆ ಗಾಳಿಗೆ ಹಾರೋ ನೀರಹನಿ ಕಬ್ಬಿಣಕ್ಕೆ ತಾಗಿದ ಕೂಡ್ಲೇ ಗಟ್ಟಿ ಆಗತ್ತೆ, ಅದರ ಮೇಲೆ ಇನ್ನೊಂದು ಪದರ. ಕೀಪರ್‌ಗಳ ಕಾಲದಲ್ಲಿ ಬಾಗಿಲು ತೆಗೆಯೋಕೆ ಕೊಡಲಿ ಬೇಕಿತ್ತು.

ಪಿಯರ್ ಮೇಲೆ ನಡ್ಕೊಂಡು ಲೈಟ್‌ಹೌಸ್‌ವರೆಗೆ ಹೋಗಬಹುದಾ?

ಶಾಂತ ದಿನ, ಬಿಡ್ತಾರೆ ಅಂದ್ರೆ ಹೋಗಿ. ಅಲೆ ಒಂದೇ ಒಂದು ಸಲ ಗೋಡೆ ಮೇಲೆ ಹಾಯ್ತು ಅಂದ್ರೂ ವಾಪಸ್ ಬನ್ನಿ, ಫೋಟೋ ಆಮೇಲೆ ನೋಡ್ಕೊಳ್ಳೋಣ. 1967ರ ಏಪ್ರಿಲ್ 30ರಂದು ಅಮೆರಿಕದ ಡುಲೂತ್‌ನಲ್ಲಿ ಪಿಯರ್ ತುದಿಗೆ ಹೋಗಿದ್ದ ಮೂವರು ಅಣ್ಣತಮ್ಮಂದಿರು ಅಲೆಗೆ ಕೊಚ್ಚಿಹೋದ್ರು, ಹುಡುಕೋಕೆ ಹೋದ ಕೋಸ್ಟ್ ಗಾರ್ಡ್ ಸಿಬ್ಬಂದಿಯಲ್ಲಿ ಒಬ್ಬರೂ ಸತ್ರು. ಪಿಯರ್ ಮೇಲೆ ಒಂದೊಂದು ಅಲೆ ಬೇರೆಲ್ಲದಕ್ಕಿಂತ ದೊಡ್ಡದಾಗಿ ಬರತ್ತೆ, ಯಾವಾಗ ಅಂತ ಹೇಳಿ ಬರಲ್ಲ, ಹಿಡ್ಕೊಳೋಕೆ ಏನೂ ಇರಲ್ಲ.

ಜಿಪಿಎಸ್ ಇರೋವಾಗ ಇದೆಲ್ಲಾ ಯಾಕೆ ಬೇಕು?

ಸಮುದ್ರದ ನಡುವೆ ಜಿಪಿಎಸ್ ಸಾಕು. ಕಿರಿದಾದ ಬಾಗಿಲಲ್ಲಿ, ಪಕ್ಕದಿಂದ ಗಾಳಿ, ಕೆಳಗೆ ಸೆಳೆತ, ಎದುರಿಂದ ಇನ್ನೊಂದು ಬೋಟು ಬರೋವಾಗ ಯಾರೂ ಸ್ಕ್ರೀನ್ ನೋಡ್ತಾ ಕೂರಲ್ಲ, ಕಣ್ಣು ಹೊರಗೇ ಇರತ್ತೆ. ಸಿಗ್ನಲ್ ಜಾಮ್ ಮಾಡೋದು, ಸುಳ್ಳು ಜಾಗ ತೋರ್ಸೋದು ಬೇರೆ ಈಗ ಮಾಮೂಲಿ ಆಗ್ತಿದೆ. ದೂರದಿಂದ ದಾರಿ ತೋರ್ಸೋ ದೊಡ್ಡ ದೀಪಸ್ತಂಭಗಳ ಕೆಲಸ ಕಮ್ಮಿ ಆಗಿರೋದು ನಿಜ, ಆದ್ರೆ ಪಿಯರ್ ತುದಿಯ ಚಿಕ್ಕ ದೀಪ ತೆಗೀರಿ ಅಂತ ಬೋಟ್ ಓಡಿಸೋ ಯಾರೂ ಕೇಳಲ್ಲ. ಟವರ್ ಮುಖ್ಯನಾ ಅಂದ್ರೆ ಅದು ಬೇರೆ ಪ್ರಶ್ನೆ, ಒಂದು ಕಂಬ ನಿಲ್ಲಿಸಿ ಲ್ಯಾಂಟರ್ನ್ ಸಿಕ್ಕಿಸಿದ್ರೂ ದೀಪದ ಕೆಲಸ ನಡೆಯತ್ತೆ, ಹೊಸ ಬಂದರುಗಳಲ್ಲಿ ಮಾಡೋದೂ ಅದನ್ನೇ.

ಹಾಗಾದ್ರೆ ಹಳೇ ಟವರ್ ನೋಡ್ಕೊಳ್ಳೋರು ಯಾರು?

ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಒಂದು ಕಾನೂನು ಬಂತು, ಸರ್ಕಾರ ತನಗೆ ಬೇಡದ ಲೈಟ್‌ಹೌಸನ್ನ ಊರಿನ ಆಡಳಿತಕ್ಕೋ ಲಾಭ ಇಲ್ಲದ ಸಂಸ್ಥೆಗೋ ದುಡ್ಡು ತಗೊಳ್ದೆ ಕೊಡತ್ತೆ, ಯಾರೂ ಮುಂದೆ ಬರದಿದ್ರೆ ಹರಾಜು. ದೀಪ ಉರೀತಾ ಇದ್ರೆ ಅದರ ಜವಾಬ್ದಾರಿ ಕೋಸ್ಟ್ ಗಾರ್ಡ್‌ದೇ, ಕಟ್ಟಡ ಮಾತ್ರ ತಗೊಂಡೋರದ್ದು. ಕೇಳೋಕೆ ಚೆನ್ನಾಗಿದೆ, ಆದ್ರೆ ಕಬ್ಬಿಣದ ಟವರಿಗೆ ನೀರಹನಿ ಬಡೀತಾನೇ ಇರೋ ಜಾಗದಲ್ಲಿ ತುಕ್ಕು ಕೆರೆದು, ಹಳೇ ಸೀಸದ ಪೇಂಟ್ ನೀರಿಗೆ ಬೀಳದ ಹಾಗೆ ತೆಗೆದು, ಹೊಸ ಬಣ್ಣ ಹೊಡ್ಸೋದು ದೊಡ್ಡ ಖರ್ಚು, ಅದೂ ಒಂದೇ ಸಲಕ್ಕೆ ಮುಗಿಯೋದಲ್ಲ. ಇನ್ನೂ ಒಂದು ತೊಡಕು, ಟವರ್ ಒಬ್ಬರದ್ದು, ಅದರ ಕೆಳಗಿನ ಪಿಯರ್ ಇನ್ನೊಬ್ಬರದ್ದು. ಪಿಯರ್ ರಿಪೇರಿ ನಿಂತುಹೋದ್ರೆ ಟವರಿಗೆ ಎಷ್ಟು ಬಣ್ಣ ಹೊಡೆದ್ರೂ ಪ್ರಯೋಜನ ಇಲ್ಲ.

ನಕ್ಷೆಯಲ್ಲಿ ಲೈಟ್‌ಹೌಸ್ ಪಕ್ಕ ಅಕ್ಷರ, ನಂಬರ್ ಏನೋ ಬರೆದಿರ್ತಾರೆ, ಹೇಗೆ ಓದೋದು?

"ಎಫ್‌ಎಲ್ (2) ಜಿ 10ಎಸ್ 12ಎಂ 8ಎಂ" ಅನ್ನೋ ತರಹ ಇರತ್ತೆ ಅಂದ್ಕೊಳ್ಳಿ. ಎಫ್‌ಎಲ್ ಅಂದ್ರೆ ಮಿಂಚೋ ದೀಪ, ಎರಡು ಸಲ, ಜಿ ಅಂದ್ರೆ ಹಸಿರು, ಪ್ರತಿ 10 ಸೆಕೆಂಡಿಗೆ ಒಂದಾವರ್ತಿ. ಮೊದಲ ಎಂ ಚಿಕ್ಕ ಅಕ್ಷರದಲ್ಲಿರತ್ತೆ, ಅದು ದೀಪದ ಎತ್ತರ, ಮೀಟರಲ್ಲಿ. ಎರಡನೇದು ದೊಡ್ಡ ಅಕ್ಷರ, ಅದು ಎಷ್ಟು ನಾಟಿಕಲ್ ಮೈಲಿ ದೂರಕ್ಕೆ ಕಾಣತ್ತೆ ಅಂತ.

ಊರಿನ ಹಿನ್ನೆಲೆ ಬೆಳಕಲ್ಲಿ ಈ ಆವರ್ತನೆ ತುಂಬಾ ಮುಖ್ಯ ಆಗತ್ತೆ. ಪಿಯರ್ ಹಿಂದೆ ಟ್ರಾಫಿಕ್ ಸಿಗ್ನಲ್ಲಿನ ಹಸಿರು, ಕಾರಿನ ಬ್ರೇಕ್ ಲೈಟಿನ ಕೆಂಪು, ಅಂಗಡಿ ಬೋರ್ಡು ಎಲ್ಲಾ ಇರತ್ತೆ, ಅದಕ್ಕೇ ಬಂದರಿನ ದೀಪ ಸುಮ್ನೆ ಉರಿಯೋ ಬದ್ಲು ಮಿಂಚೋ ಹಾಗೆ ಇಡೋದು. ಬಣ್ಣ ಕಂಡ ಕೂಡ್ಲೇ ಅದೇ ದೀಪ ಅಂತ ನಂಬೋಕೆ ಹೋಗ್ಬೇಡಿ, ಸ್ಟಾಪ್‌ವಾಚ್ ಹಿಡ್ಕೊಂಡು ಮೂರು ಆವರ್ತಿ ಎಣಿಸಿ, ನಕ್ಷೆಯಲ್ಲಿರೋ ಸೆಕೆಂಡಿಗೆ ಹೊಂದಿದ್ರೆ ಮಾತ್ರ ಅದರ ಕಡೆ ತಿರುಗಿಸಿ.